ಮಂಡಿ ಚಿಪ್ಪು ಬದಲಾವಣೆ: ಯಾವ ಚಿಪ್ಪು?

ಪೇಪರಿನಲ್ಲೂ ಅದೇ, ಜಾಹೀರಾತಿನಲ್ಲೂ ಅದೇ, ಈಗ ಬಸ್ ಸ್ಟ್ಯಾಂಡಿನ ಫ್ಲೆಕ್ಸಿನಲ್ಲೂ ಅದೇ: 'ಮಂಡಿ ಚಿಪ್ಪು ಬದಲಾವಣೆ'. ಆಪರೇಷನ್ ಮಾಡಿಸಿಕೊಂಡವರೂ ಹಾಗೇ ಹೇಳುತ್ತಾರೆ, "ಎರಡೂ ಚಿಪ್ಪು ಚೇಂಜ್ ಆಯ್ತು" ಅಂತ. ಆಗಿರುವುದಿಲ್ಲ. ಚಿಪ್ಪು ಇದ್ದಲ್ಲೇ ಇರುತ್ತದೆ.

ಚಿಪ್ಪು ಎಂದರೆ ಮಂಡಿಯ ಮುಂದೆ ಕೈಗೆ ಸಿಗುವ ಆ ಗುಂಡನೆಯ ಮೂಳೆ. ತೆಂಗಿನ ಚಿಪ್ಪು, ಆಮೆ ಚಿಪ್ಪು ಎನ್ನುವಾಗ ಇರುವ ಪದವೇ ಇದು. ಹೊರಗಿನ ಗಟ್ಟಿ ಹೊದಿಕೆ ಎಂಬ ಅರ್ಥ. ವೈದ್ಯರು ಬಳಸುವ ಪಟೆಲ್ಲಾ ಎಂಬ ಲ್ಯಾಟಿನ್ ಪದಕ್ಕೆ ಸಣ್ಣ ತಟ್ಟೆ ಎಂದರ್ಥ. ಎರಡೂ ಹೆಸರು ಬಂದಿರುವುದು ಆಕಾರ ನೋಡಿ. ಕೆಲಸದ ಲೆಕ್ಕದಲ್ಲಿ ಮಾತ್ರ ಇದು ಮುಚ್ಚಳ ಅಲ್ಲ. ತೊಡೆಯ ಮುಂಭಾಗದ ದೊಡ್ಡ ಸ್ನಾಯು ಕೆಳಗಿಳಿದು ಮಂಡಿ ದಾಟಿ ಕಾಲಿನ ಮೂಳೆಗೆ ಅಂಟಿಕೊಳ್ಳುತ್ತದಲ್ಲ, ಆ ಸ್ನಾಯುವಿನ ಪಟ್ಟಿಯೊಳಗೇ ಈ ಮೂಳೆ ಹುದುಗಿದೆ. ಮಡಚಿದ ಕಾಲನ್ನು ನೇರ ಮಾಡುವಾಗ ಎಳೆತಕ್ಕೆ ಬಲ ಕೊಡುವುದು ಇದರ ಕೆಲಸ.

ಹಾಗಾದರೆ ಬದಲಾಗುವುದು ಏನು? ತೊಡೆಮೂಳೆಯ ಕೆಳತುದಿ, ಅದರ ಕೆಳಗಿನ ಮೂಳೆಯ ಮೇಲ್ತುದಿ. ಎರಡೂ ಕಡೆ ಸವೆದ ಮೇಲ್ಪದರವನ್ನು ಹೆಚ್ಚುಕಡಿಮೆ ಒಂದು ಸೆಂಟಿಮೀಟರಿನಷ್ಟು ಕೊಯ್ದು ತೆಗೆಯುತ್ತಾರೆ. ಮೇಲಿನದಕ್ಕೆ ಸಾಮಾನ್ಯವಾಗಿ ಕೋಬಾಲ್ಟ್ ಕ್ರೋಮಿಯಂ ಲೋಹದ ಹೊದಿಕೆ, ಕೆಳಗಿನದಕ್ಕೆ ಲೋಹದ ತಟ್ಟೆ, ನಡುವೆ ಪಾಲಿಥಿಲೀನ್ ಪ್ಲಾಸ್ಟಿಕ್. ಹಲ್ಲಿಗೆ ಕ್ಯಾಪ್ ಹಾಕಿದ ಹಾಗೆ ಅಂದುಕೊಳ್ಳಿ. ಚಿಪ್ಪಿನ ಹಿಂಬದಿಗೆ ಕೆಲವು ಸರ್ಜನ್‌ಗಳು ಒಂದು ಪ್ಲಾಸ್ಟಿಕ್ ಬಿಲ್ಲೆ ಕೂರಿಸುತ್ತಾರೆ, ಕೆಲವರು ಚಿಪ್ಪನ್ನು ಮುಟ್ಟುವುದೇ ಇಲ್ಲ. ಅಂದರೆ ಇಡೀ ಆಪರೇಷನ್ನಿಗೆ ಹೆಸರು ಕೊಟ್ಟಿರುವ ಭಾಗಕ್ಕೇ ಅತಿ ಕಡಿಮೆ ರಿಪೇರಿ!

ಸೊಂಟದ ಕೀಲಿನಲ್ಲಾದರೆ 'ಬದಲಾವಣೆ' ಸರಿ. ಅಲ್ಲಿ ತೊಡೆಮೂಳೆಯ ಗುಂಡನ್ನೇ ಕತ್ತರಿಸಿ ತೆಗೆದು ಹೊಸದನ್ನು ಕೂರಿಸುತ್ತಾರೆ. ಇಂಗ್ಲೆಂಡಿನ ಸರ್ಜನ್ ಜಾನ್ ಚಾರ್ನ್‌ಲಿ 1962ರಲ್ಲಿ ಆ ಗುಂಡು ಕೂರುವ ಕುಳಿಗೆ ಪಾಲಿಥಿಲೀನ್ ಬಟ್ಟಲು ಬಳಸಿ ಗೆದ್ದ ಮೇಲೆ ಈ ಚಿಕಿತ್ಸೆ ನೆಲೆ ನಿಂತಿತು. ಅದಕ್ಕೆ ಮೊದಲು ಅವರು ಟೆಫ್ಲಾನ್ ಹಾಕಿ ನೋಡಿದ್ದರು. ಅದು ಬೇಗ ಸವೆದು ಕೈಕೊಟ್ಟಿತ್ತು.

ಹೆಸರು ಏನಾದರೆ ಏನು ಅಂತೀರಾ? ತೊಂದರೆ ಶುರುವಾಗುವುದು ಮನೆಗೆ ಬಂದ ಮೇಲೆ. ಚಿಪ್ಪು ಹೊಸದು, ಅದು 'ಕೂಡಿಕೊಳ್ಳುವ ತನಕ' ಕಾಲು ಅಲ್ಲಾಡಿಸಬಾರದು ಎಂದು ನೆಂಟರು ಸೇರಿ ತೀರ್ಮಾನ ಮಾಡುತ್ತಾರೆ. "ಮೂರು ತಿಂಗಳು ಬೆಡ್ ರೆಸ್ಟ್ ತಗೊಳ್ಳಿ ಅತ್ತೆ, ಅಡುಗೆಮನೆ ಕಡೆ ಬರಲೇಬೇಡಿ." ಪ್ರೀತಿಯ ಮಾತೇ, ಆದರೆ ಪೂರ್ತಿ ತಪ್ಪು. ಇದು ಮುರಿದ ಮೂಳೆಗೆ ಹಾಕಿದ ಪ್ಲಾಸ್ಟರ್ ಅಲ್ಲ. ಸಾಮಾನ್ಯವಾಗಿ ಆಪರೇಷನ್ ಆದ ದಿನವೋ ಮರುದಿನವೋ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ, ಸುಮ್ನೆ ಅಲ್ಲ. ಮಲಗಿದಲ್ಲೇ ಪಾದ ಮೇಲೆ ಕೆಳಗೆ ಆಡಿಸಲು ಹೇಳುವುದು ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು.

ಹೊಸದಾಗಿ ಬಂದಿರುವುದು ಲೋಹ ಮತ್ತು ಪ್ಲಾಸ್ಟಿಕ್ ಅಷ್ಟೇ. ಕಾಲನ್ನು ಎತ್ತಬೇಕಾದ ಸ್ನಾಯು ಹಳೆಯದೇ. ವರ್ಷಗಟ್ಟಲೆ ನೋವಿಗೆ ಹೆದರಿ ಕುಂಟಿದ್ದರಿಂದ ಸೊರಗಿರುತ್ತದೆ, ಆಪರೇಷನ್ ಆದ ಮೇಲೆ ಇನ್ನೂ ಸೋಲುತ್ತದೆ. ಚಿಪ್ಪನ್ನು ಹಿಡಿದಿರುವ ಸ್ನಾಯುವೇ ಅದು. ಕಾಲು ನೇರ ಚಾಚಿ ಮಂಡಿಯನ್ನು ಹಾಸಿಗೆಗೆ ಒತ್ತುವುದು, ಕಾಲನ್ನು ನೇರವಾಗಿ ಮೇಲೆತ್ತುವುದು, ಹಿಮ್ಮಡಿ ಜಾರಿಸಿ ಮಡಚುವುದು: ನೋಡಲು ಮಕ್ಕಳಾಟ, ಮೊದಲ ವಾರ ಕಣ್ಣಲ್ಲಿ ನೀರು ಬರುತ್ತದೆ. ಹಿತವಾಗಿರುತ್ತದೆ ಅಂತ ಮಂಡಿ ಕೆಳಗೆ ದಿಂಬು ಇಟ್ಟುಕೊಂಡು ಮಲಗುವುದಂತೂ ಬೇಡ. ಕಾಲು ಪೂರ್ತಿ ನೇರವಾಗದೆ ಸ್ವಲ್ಪ ಮಡಚಿಯೇ ಉಳಿದುಬಿಡುತ್ತದೆ. ಎಲ್ಲರೂ ಕೇಳುವುದು ಎಷ್ಟು ಮಡಚುತ್ತದೆ ಅಂತ. ನೇರ ಆಗುತ್ತದಾ ಎಂದು ಕೇಳುವವರೇ ಕಡಿಮೆ, ಅಲ್ವಾ?

ಮಡಚುವ ಲೆಕ್ಕವೂ ಇದೆ, ಕಾಲು ಪೂರ್ತಿ ನೇರ ಇದ್ದರೆ ಸೊನ್ನೆ ಎಂದುಕೊಂಡು. ಸಮತಟ್ಟಾದ ನೆಲದಲ್ಲಿ ನಡೆಯಲು ಸುಮಾರು 70 ಡಿಗ್ರಿ ಸಾಕು. ಮೆಟ್ಟಿಲಿಗೆ 90ರ ಹತ್ತಿರ, ತಗ್ಗು ಕುರ್ಚಿಯಿಂದ ಏಳಲು 105ರ ಆಸುಪಾಸು. ಕುಕ್ಕರಗಾಲಲ್ಲಿ ಕೂರಲು ಇನ್ನೂ ಜಾಸ್ತಿ ಬೇಕು. ಆದ್ದರಿಂದಲೇ ಮನೆಗೆ ಕಮೋಡ್ ಹಾಕಿಸಿ ಎನ್ನುವುದು, ಶೋಕಿಗಲ್ಲ.

ಪ್ರಧಾನಿಯಾಗಿದ್ದಾಗ ವಾಜಪೇಯಿ ಅವರು 2000ರಲ್ಲಿ ಎಡ ಮಂಡಿ, 2001ರ ಜೂನ್‌ನಲ್ಲಿ ಬಲ ಮಂಡಿ ಮಾಡಿಸಿಕೊಂಡರು, ಮುಂಬೈಯಲ್ಲಿ. ಜುಲೈ ಮಧ್ಯಕ್ಕೆ ಆಗ್ರಾ ಶೃಂಗಸಭೆಯಲ್ಲಿ ಪಾಕಿಸ್ತಾನದ ಅಧ್ಯಕ್ಷ ಮುಷರಫ್ ಎದುರು ಕೂತಿದ್ದರು. ಆಗ ಅವರಿಗೆ 76. ಎಲ್ಲರಿಗೂ ಅದೇ ವೇಗ ಬರಬೇಕಿಲ್ಲ. ಊತ ಕೆಲವು ತಿಂಗಳು ಇರಬಹುದು, ಗಾಯದ ಹೊರಬದಿಯಲ್ಲಿ ಚರ್ಮ ಮರಗಟ್ಟಿದ ಹಾಗೆ ಅನ್ನಿಸಬಹುದು, ನಡೆಯುವಾಗ ಒಳಗೆ ಟಕ್ ಎನ್ನಬಹುದು. ಇವಕ್ಕೆಲ್ಲ ಗಾಬರಿಯಾಗಿ ಮತ್ತೆ ಹಾಸಿಗೆ ಹಿಡಿಯಬೇಕಿಲ್ಲ. ಮೀನಖಂಡ ಊದಿ ನೋಯುವುದು, ಜ್ವರ, ಗಾಯದಲ್ಲಿ ಕೀವು ಕಂಡರೆ ಮಾತ್ರ ಕಾಯದೆ ಡಾಕ್ಟರ ಹತ್ತಿರ ಹೋಗಬೇಕು. ಉಸಿರುಕಟ್ಟಿದರೆ, ಎದೆ ನೋವು ಬಂದರೆ ನೇರ ಎಮರ್ಜೆನ್ಸಿಗೆ.

ಇನ್ನು ಹೆಸರು. 'ಮಂಡಿ ಕೀಲು ಬದಲಿ ಜೋಡಣೆ' ಉದ್ದವಾಯಿತು ಅನ್ನಿಸಿದರೆ 'ಮಂಡಿ ಆಪರೇಷನ್' ಅನ್ನಿ. ಫ್ಲೆಕ್ಸಿನಲ್ಲಿ ಜಾಗವೂ ಉಳಿಯುತ್ತದೆ.