ಯೂಟ್ಯೂಬ್ ಇರುವಾಗ ನಾಲ್ಕು ವರ್ಷ ಆರ್ಟ್ ಕಾಲೇಜು ಯಾಕೆ?

ಪ್ರಶ್ನೆ: "ಮದ್ದೂರು ಹತ್ತಿರದ ಹಳ್ಳಿ ನಮ್ಮದು. ಕಾಮರ್ಸ್ ತಗೊಂಡು ಸೆಕೆಂಡ್ ಪಿಯುಸಿ ಮುಗಿಸಿದ್ದೀನಿ. ಚಿತ್ರ ಬಿಡಿಸೋದು ಅಂದ್ರೆ ಪ್ರಾಣ. ಮೈಸೂರಲ್ಲಿ ಆರ್ಟ್ ಕಾಲೇಜು ಸೇರೋ ಆಸೆ. ಅಪ್ಪ 'ಅದೆಲ್ಲ ಯೂಟ್ಯೂಬಲ್ಲೇ ಸಿಗುತ್ತೆ, ಸುಮ್ನೆ ಬಿಕಾಂ ಮಾಡು' ಅಂತಾರೆ. ಸೇರಲಾ, ಬೇಡ್ವಾ?"

ತಂಗಿ, ಮೊದಲು ಒಂದು ವಿಷಯ. ಊರಲ್ಲಿ ನೀನು "ಆರ್ಟ್ ಕಾಲೇಜು" ಅಂದರೆ ಅರ್ಧ ಜನಕ್ಕೆ "ಆರ್ಟ್ಸ್ ಕಾಲೇಜು" ಅಂತಲೇ ಕೇಳಿಸುತ್ತದೆ, ಅಂದರೆ ಬಿಎ. ಅಪ್ಪನಿಗೂ ಹಾಗೇ ಕೇಳಿಸಿರಬಹುದು. ನೀನು ಕೇಳುತ್ತಿರುವುದು ಬಿವಿಎ, ನಾಲ್ಕು ವರ್ಷದ ದೃಶ್ಯಕಲೆ ಪದವಿ. ಕಾಮರ್ಸ್ ಓದಿದ್ದು ಅಡ್ಡಿ ಆಗುವುದಿಲ್ಲ. ಮೊದಲ ವರ್ಷ ಫೌಂಡೇಶನ್, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡಿಸುತ್ತಾರೆ. ಆಮೇಲೆ ಪೇಂಟಿಂಗ್, ಸ್ಕಲ್ಪ್ಚರ್, ಅಪ್ಲೈಡ್ ಆರ್ಟ್ (ಜಾಹೀರಾತು, ಡಿಸೈನ್ ಥರದ್ದು), ಗ್ರಾಫಿಕ್ಸ್ (ಕಂಪ್ಯೂಟರಿನದಲ್ಲ, ಚಿತ್ರದ ಅಚ್ಚು ತೆಗೆಯುವುದು) ಅಂತ ಒಂದು ದಾರಿ ಹಿಡಿಯಬೇಕು. ಮೈಸೂರಲ್ಲಿ ಇದಕ್ಕೆ ಸರ್ಕಾರಿ ಕಾಲೇಜೇ ಇದೆ, ಚಾಮರಾಜೇಂದ್ರ ಅಕಾಡೆಮಿ ಆಫ್ ವಿಷುಯಲ್ ಆರ್ಟ್ಸ್, ಎಲ್ಲರೂ ಕಾವಾ ಅನ್ನುವುದು. ಅದರ ಬೇರು ಇರುವುದು ಸಯ್ಯಾಜಿರಾವ್ ರಸ್ತೆಯಲ್ಲಿ 1906ರಲ್ಲಿ ಅಡಿಗಲ್ಲು ಹಾಕಿದ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ. ಈಗ ಕಾಲೇಜು ಸಿದ್ಧಾರ್ಥನಗರದಲ್ಲಿದೆ.

ಇನ್ನು ಯೂಟ್ಯೂಬ್ ಮಾತು. ಅಪ್ಪ ಹೇಳುವುದರಲ್ಲಿ ಸುಳ್ಳಿಲ್ಲ. ಶೇಡಿಂಗ್, ಪರ್ಸ್ಪೆಕ್ಟಿವ್, ಬಣ್ಣ ಬೆರೆಸುವುದು, ಎಲ್ಲಾ ಅಲ್ಲಿದೆ. ಆದರೆ ವಿಡಿಯೊಗೆ ನಿನ್ನ ಹಾಳೆ ಕಾಣಿಸುವುದಿಲ್ಲ.

ನಾನು ಫೌಂಡೇಶನ್‌ನಲ್ಲಿದ್ದಾಗ ಮೇಜಿನ ಮೇಲೆ ಒಂದು ತಾಮ್ರದ ಚೊಂಬು, ಎರಡು ಬದನೆಕಾಯಿ, ಮಡಚಿದ ಬಟ್ಟೆ ಇಟ್ಟು ಬರೆಯಲು ಹೇಳಿದ್ದರು. ಮೂರು ದಿನ ಬರೆದೆ. ಚೊಂಬಿನ ಹೊಳಪು ನೋಡಿ ಪಕ್ಕದವರೆಲ್ಲ ಹೊಗಳಿದರು. ಮೇಷ್ಟ್ರು ಬಂದರು, ಮಾತಾಡಲಿಲ್ಲ, ಚೊಂಬನ್ನೇ ಎತ್ತಿ ನನ್ನ ಕಣ್ಣಿನ ಮಟ್ಟಕ್ಕೆ ಹಿಡಿದರು. ಅದರ ಬಾಯಿ ಬರೀ ಒಂದು ಗೆರೆ. ನಿಧಾನಕ್ಕೆ ಕೆಳಗಿಳಿಸಿದರು. ಗೆರೆ ತೆರೆದುಕೊಳ್ಳುತ್ತಾ ಹೋಗಿ, ಸೊಂಟದ ಹತ್ತಿರ ಬರುವಷ್ಟರಲ್ಲಿ ಒಳಗಿನ ತಳ ಕಾಣಿಸಿತು. "ನಿಂದು ಬಾಯಿ ಮೇಲಿಂದ ನೋಡಿದ್ದು, ತಳ ಎದುರಿಂದ ನೋಡಿದ್ದು. ನೀನು ಎಲ್ಲಿ ಕೂತಿದ್ದೆ?" ಅಂದರು. ನಾನು ಕಂಡಿದ್ದನ್ನು ಬರೆದಿರಲಿಲ್ಲ, ಚೊಂಬು ಹೇಗಿರುತ್ತೆ ಅಂತ ಗೊತ್ತಿತ್ತೋ ಅದನ್ನು ಬರೆದಿದ್ದೆ. ಇದನ್ನು ಹೇಳುವ ವಿಡಿಯೊಗಳನ್ನು ಆಮೇಲೆ ಎಷ್ಟೋ ನೋಡಿದ್ದೇನೆ, ಆದರೆ ತಪ್ಪು ನನ್ನ ಹಾಳೆಯಲ್ಲೇ ಇದೆ ಅಂತ ಯಾರಾದರೂ ತೋರಿಸದಿದ್ದರೆ ಅವನ್ನು ನೋಡಿ ತಲೆಯಾಡಿಸಿ ಮುಂದೆ ಹೋಗುತ್ತಿದ್ದೆ, ಅಷ್ಟೇ.

ಕಾಲೇಜಿಂದ ಸಿಗುವುದು ಮುಖ್ಯವಾಗಿ ಇದು. ನಾಲ್ಕು ವರ್ಷ ದಿನಾ ಯಾರೋ ಒಬ್ಬರು ನಿನ್ನ ಹಾಳೆ ನೋಡುತ್ತಾರೆ. ಪಕ್ಕದಲ್ಲಿ ನಿನಗಿಂತ ಚೆನ್ನಾಗಿ ಬರೆಯುವವರು ಕೂತಿರುತ್ತಾರೆ, ಅದೂ ಒಂದು ಪಾಠ. ಮನೆಯಲ್ಲಿ ಇಟ್ಟುಕೊಳ್ಳಲಾಗದ ಸಾಮಾನೂ ಇರುತ್ತದೆ. ಚಿತ್ರದ ಅಚ್ಚು ತೆಗೆಯುವ ಎಚಿಂಗ್ ಪ್ರೆಸ್ಸನ್ನು ಹಳ್ಳಿ ಮನೆ ಜಗಲಿಯಲ್ಲಿ ಇಡೋಕಾಗುತ್ತಾ? ಸತುವಿನ ತಗಡಿನ ಮೇಲೆ ಗೀಚಿ, ಆಸಿಡ್‌ನಲ್ಲಿ ಅದ್ದಿ, ಶಾಯಿ ತುಂಬಿ, ರೋಲರ್ ಕೆಳಗೆ ತಳ್ಳಿ, ಒದ್ದೆ ಕಾಗದವನ್ನು ಮೆಲ್ಲಗೆ ಎತ್ತಿದಾಗ ನೀನು ಎಡಕ್ಕೆ ಬರೆದಿದ್ದು ಬಲಕ್ಕೆ ಬಂದಿರುತ್ತದೆ. ಮೊದಲ ಸಲ ಅದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಊರೂ ಕಲಿಸುತ್ತದೆ. ದೇವರಾಜ ಮಾರ್ಕೆಟ್ಟಿನಲ್ಲಿ ಬೆಳಿಗ್ಗೆ ಹೂವಿನವರ ಮುಂದೆ ನಿಂತು ಸ್ಕೆಚ್ ಮಾಡಬೇಕು, ಅವರು ನಿನಗಾಗಿ ಅಲ್ಲಾಡದೆ ಕೂರುವುದಿಲ್ಲ, ಹಾಗಾಗಿ ಕೈ ತಾನಾಗಿ ಚುರುಕಾಗುತ್ತದೆ. ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ವಾ, ರವಿವರ್ಮನದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಎಸ್.ಎಲ್. ಹಲ್ದಣಕರ್ ಅವರದು, ಜಲವರ್ಣ. ಫೋನಿನಲ್ಲಿ ಸಾವಿರ ಸಲ ನೋಡಿರಬಹುದು. ಎದುರು ನಿಂತು, ಬತ್ತಿಗೆ ಮರೆ ಹಿಡಿದ ಬೆರಳುಗಳ ಕೆಂಪನ್ನು ಐದು ನಿಮಿಷ ನೋಡು. ಬರೀ ನೀರು, ಬಣ್ಣ, ಕಾಗದದಲ್ಲಿ ಬೆಳಕು ಬಂದಿದ್ದು ಹೇಗೆ ಅನ್ನುವ ಪ್ರಶ್ನೆ ಅಲ್ಲಿ ನಿಂತರೇ ಹುಟ್ಟುತ್ತದೆ.

ಈಗ ಕಷ್ಟದ ಮಾತು. ಕೆಲಸ ಸಿಗುತ್ತಾ ಅಂತ ನೀನು ಕೇಳಿಲ್ಲ, ಅಪ್ಪ ಕೇಳಿಯೇ ಕೇಳುತ್ತಾರೆ. ಅಪ್ಲೈಡ್ ಆರ್ಟ್ ಮಾಡಿದವರಿಗೆ ಬೆಂಗಳೂರಿನ ಜಾಹೀರಾತು, ಡಿಸೈನ್, ಆನಿಮೇಶನ್ ಕಂಪನಿಗಳಲ್ಲಿ ಬೇಗ ಕೆಲಸ ಸಿಗುತ್ತದೆ. ಪೇಂಟಿಂಗ್, ಸ್ಕಲ್ಪ್ಚರ್‌ನವರಿಗೆ ದಾರಿ ಉದ್ದ. ಡ್ರಾಯಿಂಗ್ ಟೀಚರ್ ಆಗುವವರಿದ್ದಾರೆ, ಆದರೆ ಸರ್ಕಾರಿ ನೇಮಕಾತಿ ವರ್ಷಾವರ್ಷ ಆಗುವುದಿಲ್ಲ, ಅದನ್ನೇ ನಂಬಿ ಸೇರಬೇಡ. ಖರ್ಚಿನ ವಿಷಯದಲ್ಲಿ, ಸರ್ಕಾರಿ ಕಾಲೇಜಾದರೆ ಫೀಸಿಗಿಂತ ಬಣ್ಣ, ಕ್ಯಾನ್ವಾಸ್, ಶೀಟುಗಳದ್ದೇ ಜಾಸ್ತಿ ತಲೆನೋವು. ಮದ್ದೂರಿಂದ ರೈಲಿನಲ್ಲಿ ದಿನಾ ಓಡಾಡಬಹುದು, ಸ್ಟೂಡೆಂಟ್ ಪಾಸ್ ಅಗ್ಗ. ಆದರೆ ದೊಡ್ಡ ಡ್ರಾಯಿಂಗ್ ಬೋರ್ಡ್ ಹಿಡಿದು ತುಂಬಿದ ಬೋಗಿ ಹತ್ತುವುದು ಹಿಂಸೆ. ಅದಕ್ಕೇ ಹುಡುಗರು ಬೋರ್ಡನ್ನು ಕ್ಲಾಸಲ್ಲೇ ಬಿಟ್ಟು ಬರುತ್ತಾರೆ.

ಕಾಲೇಜಿಗೆ ಹೋಗದೆಯೂ ಕಲಾವಿದರಾದವರಿದ್ದಾರೆ. ಅಯೋಧ್ಯೆಯ ಬಾಲರಾಮನನ್ನು ಕೆತ್ತಿದ ನಮ್ಮ ಅರುಣ್ ಯೋಗಿರಾಜ್ ಓದಿದ್ದು ಎಂಬಿಎ. ಆದರೆ ಅವರ ಮನೆಯಲ್ಲೇ ತಲೆಮಾರುಗಳಿಂದ ಉಳಿಯ ಸದ್ದಿತ್ತು, ಕೈ ನೋಡಿ ತಿದ್ದುವ ಅಪ್ಪ ಇದ್ದರು. ನಿನಗೂ ಅಂಥವರು ಮನೆಯಲ್ಲಿ ಅಥವಾ ಹತ್ತಿರದಲ್ಲಿ ಇದ್ದರೆ ಬಿಕಾಂ ಮಾಡಿಕೊಂಡೇ ಕಲಿಯಬಹುದು, ತಪ್ಪೇನಿಲ್ಲ. ಇಲ್ಲ ಅಂದರೆ ಸೇರು ಅಂತಲೇ ನಾನು ಹೇಳುವುದು. ಲೆಕ್ಕ, ಅಕೌಂಟ್ಸ್ ಬೇಜಾರು ಅನ್ನುವ ಒಂದೇ ಕಾರಣಕ್ಕೆ ಹೊರಟಿದ್ದರೆ ಮಾತ್ರ ಬೇಡ. ಒಂದೇ ಚೊಂಬನ್ನು ಹತ್ತನೇ ಸಲ ಬರೆಯುವಾಗ ಅದಕ್ಕಿಂತ ಜಾಸ್ತಿ ಬೇಜಾರಾಗುತ್ತದೆ.

ಅರ್ಜಿ ಹಾಕುವ ಮೊದಲು ಅಪ್ಪನನ್ನು ಕರೆದುಕೊಂಡು ಒಂದು ದಿನ ಕಾಲೇಜಿಗೆ ಬಾ. ಗೇಟಿನಲ್ಲಿ ಕೇಳಿಕೊಂಡು ಸ್ಟುಡಿಯೋ ಒಳಗೆ ಹೋಗಿ, ಮೂರನೇ ವರ್ಷದ ಹುಡುಗರು ಕೆಲಸ ಮಾಡುವುದನ್ನು ಇಬ್ಬರೂ ನೋಡಿ. ಫೋಟೊ ನೋಡಿ ಬರೆದ ಹೀರೊಗಳ ಮುಖ ಮನೆಯಲ್ಲೇ ಬಿಡು. ಅಜ್ಜಿ, ಕೊಟ್ಟಿಗೆ, ಒಲೆ, ಎದುರಿಗಿಟ್ಟುಕೊಂಡು ಬರೆದಿದ್ದು ಏನಿದೆಯೋ ಅದನ್ನು ತಾ, ಸೊಟ್ಟ ಬಂದಿದ್ದರೂ ಸರಿ, ಯಾರಾದರೂ ಮೇಷ್ಟ್ರಿಗೆ ತೋರಿಸು. ಭಾನುವಾರ ಮಾತ್ರ ಬರಬೇಡ, ಸ್ಟುಡಿಯೋಗೆ ಬೀಗ ಹಾಕಿರುತ್ತಾರೆ.