ಸೀಸ, ಹೊಗೆ ಮತ್ತು ಕೊನೆಯ ಮಸಲ್ ಕಾರು

ಅಮೆರಿಕದ ಮಸಲ್ ಕಾರುಗಳನ್ನು, ಅಂದರೆ ದೊಡ್ಡ ಎಂಜಿನ್‌ನ ವೇಗದ ಕಾರುಗಳನ್ನು, ಕಾನೂನೇ ಮುಗಿಸಿತು ಎಂದು ಅಭಿಮಾನಿಗಳು ಇಂದಿಗೂ ನೊಂದುಕೊಳ್ಳುತ್ತಾರೆ. ಅದು ಅರ್ಧ ಮಾತ್ರ ನಿಜ. 1970ರ ಶೆವ್ರೊಲೆ ಶೆವೆಲ್‌ನ ಎಲ್‌ಎಸ್6 ಎಂಜಿನ್‌ನ ಶಕ್ತಿ 450 ಅಶ್ವಶಕ್ತಿ ಎಂದು ಕಂಪನಿ ಹೇಳಿತ್ತು. ಮರುವರ್ಷ 454 ಘನ ಇಂಚಿನ (7.4 ಲೀಟರ್) ಎಲ್‌ಎಸ್5ಗೆ ಎರಡು ಅಂಕಿಗಳನ್ನು ಕೊಟ್ಟಿತು: ಗ್ರಾಸ್ 365, ನೆಟ್ 285. ಎಂಜಿನ್ ಒಂದೇ, ಅಳೆದ ರೀತಿ ಬೇರೆ. ಏರ್ ಫಿಲ್ಟರ್, ಆಲ್ಟರ್ನೇಟರ್, ಕಾರಿನ ಸೈಲೆನ್ಸರ್ ಯಾವುದೂ ಇಲ್ಲದೆ ಬರೀ ಎಂಜಿನ್ ಓಡಿಸಿ ಅಳೆದದ್ದು ಗ್ರಾಸ್. ಎಲ್ಲವನ್ನೂ ಜೋಡಿಸಿ ಅಳೆದದ್ದು ನೆಟ್. 1972ರಿಂದ ಎಲ್ಲರೂ ನೆಟ್ ಲೆಕ್ಕಕ್ಕೇ ಬಂದರು. ಇದನ್ನು ಮರೆತು ಹಳೆಯ, ಹೊಸ ಅಂಕಿಗಳನ್ನು ಹೋಲಿಸುವವರೇ ಹೆಚ್ಚು.

ನಿಜವಾಗಿ ಇಳಿದದ್ದು ಕಂಪ್ರೆಷನ್, ಅಂದರೆ ಸಿಲಿಂಡರ್‌ನಲ್ಲಿ ಇಂಧನ–ಗಾಳಿಯ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತಾರೆ ಎಂಬ ಪ್ರಮಾಣ. ಇಂಗಾಲದ ಮಾನಾಕ್ಸೈಡ್ ಮತ್ತು ಉರಿಯದೆ ಉಳಿದ ಇಂಧನದ ಆವಿ 90 ಶೇಕಡಾ ತಗ್ಗಬೇಕು ಎಂದು 1970ರ ಶುದ್ಧ ಗಾಳಿ ಕಾಯ್ದೆ ವಿಧಿಸಿತು. ಅದಕ್ಕೆ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬೇಕು. ಪೆಟ್ರೋಲಿನಲ್ಲಿದ್ದ ಸೀಸ ಅದರೊಳಗಿನ ಪ್ಲಾಟಿನಂ ಮೇಲೆ ಕೂತು ಅದನ್ನು ಕೆಡಿಸುತ್ತದೆ. ಸೀಸ ತೆಗೆದರೆ ಆಕ್ಟೇನ್, ಅಂದರೆ ತಾನಾಗಿ ಹೊತ್ತಿಕೊಳ್ಳದೆ ಒತ್ತಡ ತಾಳುವ ಗುಣ, ಇಳಿಯುತ್ತದೆ. ಎಲ್‌ಎಸ್6ನ 11.25:1 ಕಂಪ್ರೆಷನ್‌ನಲ್ಲಿ ಕಡಿಮೆ ಆಕ್ಟೇನ್ ಪೆಟ್ರೋಲ್ ಕಿಡಿಯ ಉರಿ ತಲುಪುವ ಮೊದಲೇ ತಾನಾಗಿ ಹೊತ್ತಿಕೊಂಡು ನಾಕಿಂಗ್ ಶುರುವಾಗುತ್ತದೆ, ಕೊನೆಗೆ ಪಿಸ್ಟನ್ನೇ ತೂತಾಗಬಹುದು. ಹೀಗಾಗಿ 1971ರ ಎಲ್‌ಎಸ್5 ಬಂದದ್ದು 8.5:1ರಲ್ಲಿ. ಸೀಸ ಮಕ್ಕಳ ಮಿದುಳಿಗೆ ಮಾಡುವ ಹಾನಿ ನೋಡಿದರೆ ಈ ನಷ್ಟ ತೀರಾ ಸಣ್ಣದು.

ಈ ಕಟ್ಟುಪಾಡುಗಳ ನಡುವೆಯೂ ಪಾಂಟಿಯಾಕ್ ಕಂಪನಿ 1973ರಲ್ಲಿ 455 ಘನ ಇಂಚಿನ ಸೂಪರ್ ಡ್ಯೂಟಿ 455 ಎಂಜಿನ್ ತಂದಿತು. ಫೋರ್ಜ್ ಮಾಡಿದ ಕನೆಕ್ಟಿಂಗ್ ರಾಡ್‌ಗಳು, ಗಟ್ಟಿ ಬ್ಲಾಕ್, ಬರೀ 8.4:1 ಕಂಪ್ರೆಷನ್. ಮೊದಲು ಹೇಳಿದ ಶಕ್ತಿ 310, ಅದೂ ನೆಟ್ ಲೆಕ್ಕದಲ್ಲಿ. ಆದರೆ ನೈಟ್ರೋಜನ್ ಆಕ್ಸೈಡ್ ಮಿತಿಯಲ್ಲಿ ಸಿಕ್ಕಿಬಿತ್ತು. ಉರಿಯ ತಾಪ ಏರಿದಷ್ಟೂ ಈ ಅನಿಲ ಹೆಚ್ಚು. ಹಾಗಾಗಿ ಹೊಗೆಯ ಒಂದಿಷ್ಟನ್ನು ಮತ್ತೆ ಎಂಜಿನ್‌ಗೇ ಬಿಟ್ಟು ತಾಪ ತಗ್ಗಿಸುವ ಇಜಿಆರ್ ವಾಲ್ವ್ ಕೂರಿಸುತ್ತಾರೆ. ಪಾಂಟಿಯಾಕ್‌ನ ಇಜಿಆರ್ ಒಂದು ನಿಮಿಷ ತುಂಬುವ ಮೊದಲೇ ಮುಚ್ಚಿಕೊಳ್ಳುವಂತಿತ್ತು, ಪರೀಕ್ಷೆಯ ಹೊತ್ತು ಕಳೆದರೆ ಸಾಕು ಎಂಬಂತೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇದನ್ನು ಪತ್ತೆ ಮಾಡಿ ಸರಿಪಡಿಸಲು ಹೇಳಿತು. ಅದು ನ್ಯಾಯವಾಗಿಯೇ ಇತ್ತು. ವಾಲ್ವ್‌ಗಳನ್ನು ತೆರೆಯುವ ದಂಡವಾದ ಕ್ಯಾಮ್‌ಶಾಫ್ಟ್‌ನ ಸೌಮ್ಯ ರೂಪ ಬಂತು, ಅಂಕಿ 290ಕ್ಕೆ ಇಳಿಯಿತು. ಆ ವರ್ಷ ಈ ಎಂಜಿನ್‌ನೊಂದಿಗೆ ತಯಾರಾದ ಫೈರ್‌ಬರ್ಡ್ ಕಾರುಗಳು 252 ಟ್ರಾನ್ಸ್ ಆಮ್, 43 ಫಾರ್ಮುಲಾ.

ಇಂದು ಇಂಥ ಕಾರು ಇಟ್ಟುಕೊಂಡವರನ್ನು ಕಾಡುವುದು ಎಂಜಿನ್ ಆಯಿಲ್. ಕ್ಯಾಮ್‌ಶಾಫ್ಟ್‌ನ ಉಬ್ಬು, ವಾಲ್ವ್ ಎತ್ತುವ ಚಪ್ಪಟೆ ಟ್ಯಾಪೆಟ್‌ನ ಮೇಲೆ ಭಾರೀ ಒತ್ತಡದಲ್ಲಿ ಜಾರುತ್ತದೆ. ಅಲ್ಲಿ ಲೋಹ ಲೋಹಕ್ಕೆ ತಾಗದಂತೆ ಪದರ ಕಟ್ಟುವುದು ಜಿಂಕ್–ರಂಜಕದ ಸಂಯುಕ್ತ. ರಂಜಕವೂ ಕನ್ವರ್ಟರ್‌ಗೆ ವಿಷವಾದ್ದರಿಂದ ಈಗಿನ ತೆಳು ಆಯಿಲ್‌ಗಳಲ್ಲಿ ಅದಕ್ಕೆ ಸುಮಾರು 800 ಪಿಪಿಎಂ (ಹತ್ತು ಲಕ್ಷದಲ್ಲಿ 800 ಭಾಗ) ಮಿತಿ. ಹಳೆಯ ಎಂಜಿನ್‌ಗೆ 1,200 ಪಿಪಿಎಂ ಸುತ್ತಮುತ್ತ ಇರುವ ಆಯಿಲ್ ಹುಡುಕಿ ಹಾಕಿ.

ಹೊಸ ಕ್ಯಾಮ್ ಕೂರಿಸಿದಾಗ ಮೊದಲ ಅರ್ಧ ಗಂಟೆಯೇ ಎಲ್ಲವನ್ನೂ ನಿರ್ಧರಿಸುತ್ತದೆ. ಉಬ್ಬುಗಳಿಗೆ ಜೋಡಣೆಯ ಗ್ರೀಸ್ ದಪ್ಪಗೆ ಹಚ್ಚಿ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ತೆಗೆದು ಡ್ರಿಲ್‌ನಿಂದ ಆಯಿಲ್ ಪಂಪ್ ತಿರುಗಿಸಿ, ಒತ್ತಡ ಬರಲಿ. ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ತುಂಬಿರಲಿ, ಕಿಡಿಯ ಟೈಮಿಂಗ್ ಸರಿಯಾಗಿರಲಿ, ಮೊದಲ ಸಲಕ್ಕೇ ಸ್ಟಾರ್ಟ್ ಆಗಬೇಕು. ಆದ ತಕ್ಷಣ 2,000 ಆರ್‌ಪಿಎಂಗೆ ಏರಿಸಿ, 2,000–2,500ರ ನಡುವೆ ಏರಿಳಿಸುತ್ತಾ 20–30 ನಿಮಿಷ ಓಡಿಸಿ. ಐಡ್ಲಿಂಗ್‌ಗೆ ಬಿಡಲೇಬೇಡಿ. ಕ್ಯಾಮ್‌ಗೆ ಆಯಿಲ್ ಸಿಗುವುದು ಮುಖ್ಯವಾಗಿ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಚಿಮ್ಮಿಸುವುದರಿಂದ, ನಿಧಾನಗತಿಯಲ್ಲಿ ಅದು ಸಾಲದು. ಉಬ್ಬು ಸವೆದರೆ ಟಿಕ್ ಟಿಕ್ ಸದ್ದು ಬರುತ್ತದೆ, ಲೋಹದ ಪುಡಿ ಬೇರಿಂಗ್‌ವರೆಗೂ ಹೋಗುತ್ತದೆ. ಓಡಿಸಿದ ಮೇಲೆ ಆಯಿಲ್, ಫಿಲ್ಟರ್ ಎರಡೂ ಬದಲಿಸಿ, ಫಿಲ್ಟರ್ ಕತ್ತರಿಸಿ ಪುಡಿಗಾಗಿ ನೋಡಿ.

ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗೆ ಮಾಡಿ ಸೋರಿಸುತ್ತದೆ. ಬಿಸಿ ಎಂಜಿನ್ ಮೇಲೆ ಸೋರಿದರೆ ಬೆಂಕಿಯೇ, ಹಾಗಾಗಿ ಎಥನಾಲ್ ತಾಳುವ ಪೈಪ್‌ಗಳನ್ನು ಮೊದಲು ಹಾಕಿಸಿ.

ಕೊಳ್ಳುವವರಿಗೆ ಒಂದು ಮಾತು. ನಕಲಿ ಸೂಪರ್ ಡ್ಯೂಟಿಗಳಿವೆ. ಚಾಲಕನ ಕಡೆಯ ಗಾಜಿನ ಕೆಳಗಿರುವ ವಾಹನ ಸಂಖ್ಯೆಯ ಐದನೇ ಅಕ್ಷರ 'ಎಕ್ಸ್' ಇರಬೇಕು. 'ವೈ' ಇದ್ದರೆ ಕಾರ್ಖಾನೆಯಿಂದ ಬಂದಾಗ ಅದರಲ್ಲಿದ್ದದ್ದು ಸಾಮಾನ್ಯ 455, ಬಾನೆಟ್ ಮೇಲೆ ಯಾವ ಸ್ಟಿಕ್ಕರ್ ಅಂಟಿಸಿದ್ದರೂ ಸರಿ.