ಒಂದು ಗೇಣಿನ ಲೆಕ್ಕ

ಅಕ್ಟೋಬರ್ ಕೊನೆಯ ಒಂದು ಭಾನುವಾರ, ಇನ್ನೂ ಬೆಳಕು ಹರಿದಿರಲಿಲ್ಲ. ಅಮೆರಿಕದ ಅಲಬಾಮಾದಲ್ಲಿರುವ ಗಂಟರ್ಸ್‌ವಿಲ್ ಹಿನ್ನೀರಿನ ದಡ. ಬಾಸ್ ಎಂಬ ಸಿಹಿನೀರಿನ ಮೀನನ್ನು ಗಾಳ ಹಾಕಿ ಹಿಡಿಯುವ ಪಂದ್ಯದ ಎರಡನೇ ದಿನ. ದೋಣಿಗಳು ಸಾಲಾಗಿ ನಿಂತಿದ್ದವು, ಆದರೆ ಮಾತೇ ಇಲ್ಲ. ಎಲ್ಲರ ಕಣ್ಣೂ ಮೊಬೈಲ್ ಮೇಲೆ. ಅದರಲ್ಲಿ ಗಾಳಿಯ ಒತ್ತಡ: 30.30. ಹಿಂದಿನ ಮಧ್ಯಾಹ್ನ ಅದು 29.62 ಇತ್ತು.

"ಮುಗೀತು ಕಥೆ" ಅಂದರು ನಮ್ಮ ದೋಣಿಯ ಯಜಮಾನರು. "ಒತ್ತಡ ಏರಿದೆ. ಇವತ್ತು ಮೀನಿನ ಬಾಯಿಗೆ ಬೀಗ."

ದೋಣಿ ಅವರದು. ಎಲ್ಲಿ ನಿಲ್ಲಿಸಬೇಕು ಅನ್ನುವುದೂ ಅವರದೇ ತೀರ್ಮಾನ. ನಾನು ಹಿಂದೆ ನಿಂತು ಗಾಳ ಎಸೆಯುವವನು. ಹಿಂದೆ ನಿಂತವನು ವಾದ ಮಾಡಬಾರದು. ಅವತ್ತು ನುಂಗಿಕೊಂಡ ವಾದವನ್ನು ಇಲ್ಲಿ ಮಾಡುತ್ತಿದ್ದೇನೆ.

ಅವರ ನಂಬಿಕೆ ಇಷ್ಟು. ಬಾಸ್ ಮೀನಿನ ಹೊಟ್ಟೆಯೊಳಗೆ ಒಂದು ಗಾಳಿಚೀಲ ಇದೆ. ಮುಳುಗದೆ ತೇಲದೆ ನೀರಿನ ನಡುವೆ ನಿಲ್ಲಲು ಮೀನಿಗೆ ಅದೇ ಆಸರೆ. ಹವೆ ಬದಲಾಗಿ ಒತ್ತಡ ಏರಿದರೆ ಚೀಲ ಕುಗ್ಗುತ್ತದೆ, ಮೀನಿಗೆ ಹೊಟ್ಟೆ ಹಿಂಡಿದಂತಾಗಿ ಬಾಯಿ ಬಿಡುವುದಿಲ್ಲ. ಕೇಳಲು ಎಷ್ಟು ಚೆನ್ನಾಗಿದೆ, ಅಲ್ವಾ? ಚೀಲ ಇರುವುದೂ ನಿಜ, ಕುಗ್ಗುವುದೂ ನಿಜ. ಎಷ್ಟು ಕುಗ್ಗುತ್ತದೆ ಅಂತ ಮಾತ್ರ ಯಾರೂ ಲೆಕ್ಕ ಹಾಕುವುದಿಲ್ಲ.

ಹಾಕೋಣ. ಆ 29.62, 30.30 ಎಲ್ಲ ಪಾದರಸದ ಇಂಚುಗಳು, ಅಂದರೆ ಗಾಳಿಯ ಒತ್ತಡ ಕೊಳವೆಯೊಳಗೆ ಪಾದರಸವನ್ನು ಎಷ್ಟು ಎತ್ತರಕ್ಕೆ ಎತ್ತಿ ನಿಲ್ಲಿಸುತ್ತದೆ ಅನ್ನುವ ಅಳತೆ. ವ್ಯತ್ಯಾಸ 0.68 ಇಂಚು. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಗುಣಿಸಿದರೆ ಒಂಬತ್ತು ಇಂಚು ನೀರು, ಚೂರು ಜಾಸ್ತಿ. ಒಂಬತ್ತು ಇಂಚು ಅಂದರೆ ನಮ್ಮ ಅಜ್ಜಿಯರ ಒಂದು ಗೇಣು.

ಅಷ್ಟೇ! ರಾತ್ರಿಯಿಡೀ ಗುಡುಗಿ, ಮಳೆ ಸುರಿದು, ಆಕಾಶವೇ ಮಗ್ಗುಲು ಬದಲಿಸಿದರೂ ಮೀನಿಗೆ ಅದು ಒಂದು ಗೇಣು ಕೆಳಗೆ ಜಾರಿದ ಹಾಗೆ. ನೀರುಗಿಡದ ಬುಡದಲ್ಲಿ ಕೂತ ಬಾಸ್ ಮೇಲಿನ ಕಪ್ಪೆಗೆ ಹಾರಿದರೆ ಒಂದೇ ನೆಗೆತಕ್ಕೆ ಐದಾರು ಗೇಣು ಏರುತ್ತದೆ. ದೋಣಿಯೊಂದು ಪಕ್ಕದಲ್ಲಿ ಭರ್ ಎಂದು ಹೋದರೆ ಅದರ ಅಲೆಯೇ ಒಂದು ಗೇಣು ಎದ್ದು ಇಳಿಯುತ್ತದೆ. ಅದಕ್ಕೆಲ್ಲ ಹೊಟ್ಟೆನೋವು ಬರುವುದಾದರೆ ಬಾಸ್ ಜಾತಿ ಎಂದೋ ಉಪವಾಸ ಬಿದ್ದು ಸಾಯುತ್ತಿತ್ತು.

ಇನ್ನೊಂದು ರೀತಿ ನೋಡಿ. ಎರಡು ಕಿಲೋ ಬಾಸ್‌ನ ಗಾಳಿಚೀಲ ಅದರ ಮೈಗಾತ್ರದ ಸುಮಾರು ಶೇ. 7, ಅಂದರೆ ಒಂದು ಸಣ್ಣ ಲೋಟ. ಒತ್ತಡ ಏರಿದ್ದು ಶೇ. 2ರ ಆಸುಪಾಸು. ಚೀಲ ಕಳೆದುಕೊಂಡಿದ್ದು ಅರ್ಧ ಟೀ ಚಮಚದಷ್ಟು ಜಾಗ. ರೆಕ್ಕೆಯನ್ನು ತುಸು ಜಾಸ್ತಿ ಆಡಿಸಿದರೆ ಸರಿಹೋಯಿತು.

ನಮಗೇಕೆ ಇದು ದೊಡ್ಡದಾಗಿ ಕಾಣುತ್ತದೆ? ನಾವು ಗಾಳಿಯಲ್ಲಿ ಬದುಕುವವರು. ನೀರು ಗಾಳಿಗಿಂತ ಸುಮಾರು 800 ಪಟ್ಟು ಭಾರ. ಮೀನಿನ ಒಂದು ಗೇಣು ನಮಗೆ ಇನ್ನೂರು ಮೀಟರ್ ಹತ್ತಿದ, ಇಳಿದ ಹಾಗೆ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವ ಬಸ್ಸಿನಲ್ಲಿ ಅರ್ಧ ದಾರಿಗೆ ಮೊದಲೇ ಕಿವಿ ಟಪ್ ಅನ್ನುತ್ತದಲ್ಲ, ಅಷ್ಟು. ನಮ್ಮ ಕಿವಿ ಹೇಳಿದ್ದನ್ನು ನಾವು ಮೀನಿನ ಹೊಟ್ಟೆಗೆ ಅಂಟಿಸಿದ್ದೇವೆ.

ಈ ಗಾಳಿಯ ಭಾರ ಗೊತ್ತಾಗಿದ್ದೇ ನೀರಿನ ತಾಪತ್ರಯದಿಂದ. ಇಟಲಿಯಲ್ಲಿ ಪಂಪುಗಳು ಹತ್ತು ಮೀಟರಿಗಿಂತ ಮೇಲೆ ನೀರು ಎಳೆಯುತ್ತಿರಲಿಲ್ಲ. ಆ ಗಂಟು ಬಿಡಿಸಹೊರಟ ಟೊರಿಚೆಲ್ಲಿ ಎಂಬ ವಿಜ್ಞಾನಿ ನೀರಿನ ಬದಲು ಪಾದರಸ ತೆಗೆದುಕೊಂಡ. 1644ರಲ್ಲಿ ಗೆಳೆಯನಿಗೆ ಬರೆದ ಕಾಗದದಲ್ಲಿ, ನಾವೆಲ್ಲ ಗಾಳಿಯ ಕಡಲಿನ ತಳದಲ್ಲಿ ಮುಳುಗಿ ಬದುಕುತ್ತಿದ್ದೇವೆ ಎಂದ. ಅವನ ಲೆಕ್ಕದಲ್ಲಿ ನಾವೂ ಒಂದು ಥರ ಮೀನುಗಳೇ.

ಈಗಿನ ಥರದ ಬಾಸ್ ಪಂದ್ಯ ಹುಟ್ಟಿದ್ದೂ ಕೆಟ್ಟ ಹವೆಯಿಂದಲೇ. 1967ರಲ್ಲಿ ರೇ ಸ್ಕಾಟ್ ಎಂಬ ವಿಮೆ ಏಜೆಂಟ್ ಮಿಸಿಸಿಪ್ಪಿಯಲ್ಲಿ ಮೀನು ಹಿಡಿಯಲು ಹೋಗಿದ್ದ. ಮಳೆ ಅವನನ್ನು ಮೋಟೆಲಿಗೆ ಓಡಿಸಿತು. ಅಲ್ಲಿ ಟೀವಿಯಲ್ಲಿ ಬ್ಯಾಸ್ಕೆಟ್‌ಬಾಲ್ ನೋಡುತ್ತಾ ಕೂತವನಿಗೆ, ಮೀನು ಹಿಡಿಯುವುದಕ್ಕೂ ಇಂಥ ಪಂದ್ಯ ಯಾಕಿರಬಾರದು ಅನ್ನಿಸಿತು. ಅದೇ ಜೂನ್‌ನಲ್ಲಿ ಅರ್ಕಾನ್ಸಾದ ಬೀವರ್ ಲೇಕ್‌ನಲ್ಲಿ 106 ಜನರನ್ನು ಸೇರಿಸಿಬಿಟ್ಟ.

ಹಾಗಾದರೆ ಯಜಮಾನರು ಹೇಳಿದ್ದು ಪೂರ್ತಿ ಸುಳ್ಳೇ? ಅಲ್ಲ, ಅದೇ ಮಜಾ. ಶನಿವಾರ ಮಧ್ಯಾಹ್ನದೊಳಗೆ ನಮ್ಮ ದೋಣಿಯಲ್ಲಿ ಐದು ಮೀನು ಬಿದ್ದಿದ್ದವು. ಪಂದ್ಯದಲ್ಲಿ ತಕ್ಕಡಿಗೆ ಹಾಕಬಹುದಾದ್ದು ಅಷ್ಟೇ. ಭಾನುವಾರ ಹತ್ತು ಗಂಟೆಯಾದರೂ ಒಂದೂ ಇಲ್ಲ. ಅವರ ಅನುಭವ ನಿಜ, ಕೊಟ್ಟ ಕಾರಣ ತಪ್ಪು. ಅಜ್ಜಿಯ ಕೋಳಿ ಕೂಗಿದ ಮೇಲೆ ಬೆಳಗಾಗುತ್ತದೆ, ಕೂಗಿದ್ದರಿಂದ ಅಲ್ಲ. ಒತ್ತಡ ಒಂಟಿಯಾಗಿ ಏರುವುದಿಲ್ಲ. ಅದರ ಜೊತೆ ಒಂದು ದಿಬ್ಬಣವೇ ಬರುತ್ತದೆ.

ಶನಿವಾರ ಮೋಡ, ದಕ್ಷಿಣದ ಬೆಚ್ಚನೆ ಗಾಳಿ, ನೀರಿನ ಮೇಲೆಲ್ಲ ಸುಕ್ಕು. ಕೆಳಗೆ ಮಬ್ಬು ಬೆಳಕು. ಹೊಂಚು ಹಾಕುವ ಬಾಸ್‌ಗೆ ಅದು ಹಬ್ಬ, ಮರೆ ಬಿಟ್ಟು ಬಯಲಿಗೆ ಬಂದು ಬೇಟೆಯಾಡುತ್ತದೆ. ಭಾನುವಾರ ತೊಳೆದಿಟ್ಟಂಥ ನೀಲಿ ಆಕಾಶ. ಬಿಸಿಲು ನೇರ ಒಳಗಿಳಿದು ಬಾಸ್ ಗಿಡದ ನೆರಳಿಗೆ ಸರಿಯಿತು. ಉತ್ತರದ ಗಾಳಿಗೆ ತೆಳುನೀರು ರಾತ್ರೋರಾತ್ರಿ ತಣ್ಣಗಾಯಿತು. ಬಾಸ್ ತಣ್ಣನೆ ರಕ್ತದ ಪ್ರಾಣಿ. ನೀರು ತಣಿದಷ್ಟೂ ಹಸಿವು ಕಡಿಮೆ, ಅಟ್ಟಿಸಿಕೊಂಡು ಹೋಗುವ ಹುಮ್ಮಸ್ಸೂ ಕಡಿಮೆ. ಅದು ತಿನ್ನುವ ಶ್ಯಾಡ್ ಮೀನಿನ ಹಿಂಡೂ ದಡ ಬಿಟ್ಟು ಆಳಕ್ಕೆ ಹೋಗಿರುತ್ತದೆ. ಇಷ್ಟೆಲ್ಲ ಕಣ್ಣೆದುರೇ ನಡೆದರೂ ಅಂಕಿ ತೋರಿಸಿದ ಮೊಬೈಲಿಗೇ ಎಲ್ಲ ಮರ್ಯಾದೆ. ಈಗಂತೂ ಮೀನು ಕಚ್ಚುವ ಗಳಿಗೆ ಹೇಳುವ ಆ್ಯಪ್‌ಗಳೇ ಇವೆ. ರಾಹುಕಾಲದ ಕ್ಯಾಲೆಂಡರಿಗೂ ಅದಕ್ಕೂ ಏನು ವ್ಯತ್ಯಾಸ ಅಂತ ನನಗಂತೂ ಗೊತ್ತಾಗಿಲ್ಲ.

ನಮ್ಮ ಮಲೆನಾಡಿನ ಹತ್ತುಮೀನಿನ ಕಥೆ ಇದಕ್ಕಿಂತ ವಾಸಿ. ಮೊದಲ ಮಳೆಗೆ ಹಳ್ಳದ ಮೀನು ಗದ್ದೆಗೆ ಏರುತ್ತದೆ ಅನ್ನುವವರು ಹೊಸ ನೀರನ್ನೇ ನೋಡಿ ಹೇಳುತ್ತಿದ್ದರು.

ಮೀನಿಗೆ ಒತ್ತಡ ತಿಳಿಯುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 2001ರಲ್ಲಿ ಗೇಬ್ರಿಯೆಲ್ ಬಿರುಗಾಳಿ ಫ್ಲಾರಿಡಾಕ್ಕೆ ಬರುವ ಮೊದಲೇ ಅಲ್ಲಿನ ಕೊಲ್ಲಿಯೊಂದರ ಮರಿ ಶಾರ್ಕ್‌ಗಳು ಆಳದ ನೀರಿಗೆ ಹೋಗಿಬಿಟ್ಟವು. ಅವಕ್ಕೆ ಗುರುತಿನ ಸಾಧನ ಕಟ್ಟಿದ್ದ ವಿಜ್ಞಾನಿಗಳು ಒತ್ತಡ ಕುಸಿದದ್ದೇ ಅದಕ್ಕೆ ಸುಳಿವು ಎಂದು ಊಹಿಸಿದರು. ಆದರೆ ತಮಾಷೆ ನೋಡಿ, ಶಾರ್ಕ್‌ಗೆ ಗಾಳಿಚೀಲವೇ ಇಲ್ಲ.

ಹನ್ನೊಂದರ ಹೊತ್ತಿಗೆ ಯಜಮಾನರು ದಡದ ಆಸೆ ಬಿಟ್ಟರು. ಹಳೇ ಹೊಳೆಯ ಪಾತ್ರದ ಅಂಚಿಗೆ ಹೋದೆವು, ಮೂವತ್ತು ಅಡಿ ನೀರು. ತೂಕದ ಗಾಳ ತಳಕ್ಕೆ ಬಿಟ್ಟು ನಿಧಾನಕ್ಕೆ ಎಳೆದೆವು. ಸಿಕ್ಕಿದ್ದು ಮೂರು. ಕೊನೆಯದನ್ನು ದೋಣಿಯ ತೊಟ್ಟಿಗೆ ಬಿಟ್ಟರೆ ಮಗ್ಗುಲಾಗಿ ತೇಲತೊಡಗಿತು. ಮೂವತ್ತು ಅಡಿ ಅಂದರೆ ನಲವತ್ತು ಗೇಣು. ಅಲ್ಲಿಂದ ಮೇಲೆ ಬರುವಷ್ಟರಲ್ಲಿ ಚೀಲದ ಗಾಳಿ ಹೆಚ್ಚುಕಡಿಮೆ ಎರಡು ಪಟ್ಟು ಉಬ್ಬಿರುತ್ತದೆ. ಬಾಸ್‌ಗೆ ಅದನ್ನು ತೇಗಿ ಹೊರಗೆ ಹಾಕಲು ದಾರಿಯಿಲ್ಲ. ರಕ್ತದ ಮೂಲಕವೇ ಇಳಿಯಬೇಕು, ಅದಕ್ಕೆ ಗಂಟೆಗಟ್ಟಲೆ ಬೇಕು. ಅಷ್ಟರಲ್ಲಿ ಮೀನು ಸತ್ತರೆ ತೂಕದಲ್ಲಿ ದಂಡ.

ಯಜಮಾನರು ಡಬ್ಬಿಯಿಂದ ಟೊಳ್ಳು ಸೂಜಿ ತೆಗೆದರು. ಮೀನನ್ನು ನೀರೊಳಗೇ ಹಿಡಿದು, ಪಕ್ಕೆಯ ಒಂದು ಹುರುಪೆ ಸರಿಸಿ ಮೆಲ್ಲಗೆ ಚುಚ್ಚಿದರು. ಸೂಜಿಯ ಬಾಯಿಂದ ಸಣ್ಣ ಗುಳ್ಳೆಗಳ ಸಾಲು ಎದ್ದು ಬಂತು. ಅರ್ಧ ನಿಮಿಷದಲ್ಲಿ ಮೀನು ನೆಟ್ಟಗಾಗಿ ಬಾಲ ಬೀಸಿ ತೊಟ್ಟಿಯ ಮೂಲೆಗೆ ಹೋಯಿತು.

ಅವರು ಸೂಜಿ ಒರೆಸಿ ಒಳಗಿಟ್ಟರು. ಕೈ ಒಣಗಿಸಿಕೊಂಡರು. ಮೊಬೈಲ್ ತೆಗೆದರು.

"30.34" ಅಂದರು. "ನಾನು ಹೇಳಿರಲಿಲ್ವಾ?"